ಸಾಫ್ಟ್‌ವೇರ್ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕೀಬೋರ್ಡ್ ಯಾರ ಕೈಯಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರಿಗಾಗಿ?

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಕಾಲೇಜುಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪಾಠ ಮಾಡುವವರಿಗೆ, ಮಿನಿ ಪ್ರಾಜೆಕ್ಟ್, ಮೇಜರ್ ಪ್ರಾಜೆಕ್ಟ್‌ಗೆ ಗೈಡ್ ಆಗಿರುವವರಿಗೆ. ಬಿಸಿಎ, ಎಂಸಿಎ ಮೇಷ್ಟ್ರುಗಳಿಗೂ ಬಹುಪಾಲು ಹೊಂದುತ್ತದೆ. ವಿದ್ಯಾರ್ಥಿಗಳು ಓದಿದರೆ ಇನ್ನೂ ಒಳ್ಳೆಯದು, ಕೊನೆಯ ಪ್ರಶ್ನೆ ಅವರದ್ದೇ. ಕ್ಲಾಸಿನಲ್ಲಿ ಎಲ್ಲ ಬಗೆಯ ವಿದ್ಯಾರ್ಥಿಗಳಿಗೂ ಸಮಾನ ಅವಕಾಶ ಸಿಗುತ್ತಿದೆಯಾ ಅನ್ನುವ ವಿಷಯ ಸ್ಟಾಫ್ ರೂಮಿನಲ್ಲಿ ಬಂದಾಗಲೆಲ್ಲ ಏಳುವ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯ ಧಾರಾಳವಾಗಿದೆ, ಒಪ್ಪಲೇಬೇಕು ಅಂತೇನಿಲ್ಲ.

ಕೋಡ್‌ಗೆ ಜಾತಿ, ಲಿಂಗ, ಭಾಷೆ ಯಾವುದೂ ಇಲ್ಲ. ಮತ್ತೆ ನಮ್ಮ ಸಬ್ಜೆಕ್ಟಿಗೂ ಇದಕ್ಕೂ ಏನು ಸಂಬಂಧ?

ಕಂಪೈಲರ್‌ಗೆ ಇಲ್ಲ, ನಿಜ. ಆದರೆ ನಾವು ಪಾಠ ಮಾಡುವುದು ಕಂಪೈಲರ್ ಬಗ್ಗೆ ಅಲ್ಲವಲ್ಲ. ಯಾರಿಗೆ ಏನು ಬೇಕು ಅಂತ ಕೇಳಿ ತಿಳಿಯುವುದು, ನಾಲ್ಕು ಜನ ಸೇರಿ ಕಟ್ಟುವುದು, ಬೇರೆಯವರ ಕೈಗೆ ಹೋದಾಗ ಎಲ್ಲಿ ಮುರಿಯುತ್ತದೆ ಅಂತ ನೋಡುವುದು. ಸಿಲಬಸ್ ತುಂಬ ಮನುಷ್ಯರೇ ಇದ್ದಾರೆ.

ಒಂದು ನೋಂದಣಿ ಫಾರ್ಮ್ ಮಾಡಿ ಅಂತ ಕ್ಲಾಸಿಗೆ ಹೇಳಿ ನೋಡಿ. ಬಹುತೇಕರು 'ಫಸ್ಟ್ ನೇಮ್', 'ಲಾಸ್ಟ್ ನೇಮ್' ಅಂತ ಎರಡು ಕಡ್ಡಾಯ ಕಾಲಂ ಹಾಕುತ್ತಾರೆ. ಹಾಕಿದವನ ಹೆಸರೇ ಮಂಜುನಾಥ ಎಚ್.ಎಸ್. ಅಂತಿರುತ್ತದೆ! ಎಚ್ ಊರು, ಎಸ್ ಅಪ್ಪನ ಹೆಸರು, ಲಾಸ್ಟ್ ನೇಮ್ ಅಂತ ಒಂದು ಇಲ್ಲವೇ ಇಲ್ಲ. ಹಳೇ ಮೈಸೂರು ಕಡೆ ಎಷ್ಟೋ ಜನರದ್ದು ಹೀಗೇ. ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಇರುತ್ತದೆ, ಆದರೆ ಅದನ್ನು ಹೇಳಿದ ಕೂಡಲೇ ಎಷ್ಟೋ ಸಲ ಜಾತಿಯೂ ಗೊತ್ತಾಗಿಬಿಡುತ್ತದೆ, ಅದಕ್ಕೇ ಬರೆಯಲು ಇಷ್ಟಪಡದವರೂ ಇದ್ದಾರೆ. ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಅಚ್ಚು ಹಾಕಿಸಿಕೊಂಡು ಹೋದ ನಮ್ಮವರಿಗೇನೂ ಕಮ್ಮಿ ಇಲ್ಲ. ಯಾರೋ ಒಬ್ಬರು ಎಲ್ಲೋ ಕೂತು ರಿಕ್ವೈರ್‌ಮೆಂಟ್ (ಸಾಫ್ಟ್‌ವೇರ್‌ನಿಂದ ಏನೇನು ಬೇಕು ಅನ್ನುವ ಪಟ್ಟಿ) ಬರೆಯುವಾಗ ತಮ್ಮ ಮನೆಯವರ ಹೆಸರುಗಳನ್ನು ಮಾತ್ರ ನೆನೆಸಿಕೊಂಡರು, ಅಷ್ಟೇ.

ಇನ್ನೊಂದು. ಪೈಥಾನ್‌ನಲ್ಲಿ 'ಕರ್ನಾಟಕ' ಪದದ ಉದ್ದ ಕೇಳಿದರೆ 7 ಅನ್ನುತ್ತದೆ. ಕಣ್ಣಿಗೆ ಕಾಣುವುದು ನಾಲ್ಕೇ ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರ ಉಳಿಸಿಡುವ ಯುಟಿಎಫ್-8 ವಿಧಾನದಲ್ಲಿ ಅದೇ ಪದ 21 ಬೈಟ್. 'ಹೆಸರು 20 ಬೈಟ್ ಮೀರಬಾರದು' ಅಂತ ಯಾರಾದರೂ ಡೇಟಾಬೇಸ್‌ನಲ್ಲಿ ಮಿತಿ ಹಾಕಿದ್ದರೆ ಕರ್ನಾಟಕ ಅಂತ ಬರೆಯಲೂ ಜಾಗ ಇಲ್ಲ. ಬೌಂಡರಿ ವ್ಯಾಲ್ಯೂ ಟೆಸ್ಟಿಂಗ್ (ಮಿತಿಯ ಅಂಚಿನಲ್ಲಿ ಏನಾಗುತ್ತದೆ ಅಂತ ನೋಡುವುದು) ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ದೊಡ್ಡ ಉದಾಹರಣೆ ಬೇಕಾದರೆ 2018ರ 'ಜೆಂಡರ್ ಶೇಡ್ಸ್' ಅಧ್ಯಯನ ಇದೆ. ಜಾಯ್ ಬುವೊಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು 0.8% ದಾಟಲಿಲ್ಲ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ 34.7% ತನಕ ಹೋಯಿತು. ಸರಾಸರಿ ಮಾತ್ರ ನೋಡಿದವರಿಗೆ ಎಲ್ಲವೂ ಚೆನ್ನಾಗಿಯೇ ಕಂಡಿತ್ತು.

ನಮ್ಮ ಕ್ಲಾಸಿನಲ್ಲಿ ಹುಡುಗಿಯರು ಅರ್ಧಕ್ಕೆ ಹತ್ತಿರ ಇದ್ದಾರೆ. ಇಲ್ಲಿ ಸಮಸ್ಯೆ ಎಲ್ಲಿಂದ ಬಂತು?

ಒಳ್ಳೆಯ ಪ್ರಶ್ನೆ. ಅಮೆರಿಕ, ಯುರೋಪಿನ ಹಾಗೆ 'ಕಂಪ್ಯೂಟರ್ ಅಂದರೆ ಹುಡುಗರದ್ದು' ಅನ್ನುವ ಭಾವನೆ ನಮ್ಮಲ್ಲಿ ಅಷ್ಟಿಲ್ಲ. ಮೆಕ್ಯಾನಿಕಲ್, ಸಿವಿಲ್ ಬೇಡ, ಸಿಎಸ್ ತಗೋ, ನೆರಳಲ್ಲಿ ಕೂತು ಮಾಡುವ ಕೆಲಸ ಅಂತ ಅಪ್ಪ ಅಮ್ಮನೇ ಮಗಳಿಗೆ ಹೇಳುತ್ತಾರೆ. ಹಾಗಾಗಿ ಅಲ್ಲಿಯ ಸ್ಲೈಡುಗಳನ್ನು ಹಾಗೇ ತಂದು ಇಲ್ಲಿ ತೋರಿಸಿದರೆ ಮಕ್ಕಳು ನಗುತ್ತಾರೆ. ಐಐಟಿಗಳ ಕಥೆ ಬೇರೆ. ಅಲ್ಲಿ ಹುಡುಗಿಯರು ತೀರಾ ಕಡಿಮೆ ಇದ್ದರು ಅಂತಲೇ 2018ರಿಂದ ಹೆಚ್ಚುವರಿ ಸೀಟು ಕೊಟ್ಟು 20%ಗೆ ತರಲು ಹೊರಟರು.

ಆದರೆ ತಲೆ ಎಣಿಸಿದರೆ ಮುಗಿಯಲಿಲ್ಲ. ಪ್ರಾಜೆಕ್ಟ್ ರಿವ್ಯೂ ದಿನ ಸುಮ್ನೆ ಗಮನಿಸಿ. ನಾಲ್ಕು ಜನರ ಟೀಮ್. ಲ್ಯಾಪ್‌ಟಾಪ್ ಒಬ್ಬ ಹುಡುಗನ ಮುಂದೆ. ಪೀಠಿಕೆ ಮತ್ತು ಲಿಟರೇಚರ್ ಸರ್ವೆ ಸ್ಲೈಡ್ ಓದುವವಳು ಹುಡುಗಿ. ಡೆಮೊ ಹುಡುಗನದ್ದು. ರಿಪೋರ್ಟ್ ಟೈಪ್ ಮಾಡಿ, ಮಾರ್ಜಿನ್ ಸರಿ ಮಾಡಿ, ಬೈಂಡಿಂಗ್‌ಗೆ ಕೊಟ್ಟು ಬಂದವಳು ಮತ್ತೆ ಅವಳೇ. ಯಾರೂ ಬಲವಂತ ಮಾಡಿರುವುದಿಲ್ಲ. 'ನಿನ್ನ ರೈಟಿಂಗ್ ಚೆನ್ನಾಗಿದೆ, ಡಾಕ್ಯುಮೆಂಟೇಶನ್ ನೀನು ನೋಡ್ಕೋ' ಅಂತ ಹೊಗಳಿಯೇ ಕೊಟ್ಟಿರುತ್ತಾರೆ. ನಾಲ್ಕು ವರ್ಷ ಹೀಗೇ ಹೊಗಳಿಸಿಕೊಂಡು ಪ್ಲೇಸ್‌ಮೆಂಟ್ ಇಂಟರ್‌ವ್ಯೂಗೆ ಹೋದಾಗ 'ನೀವು ಬರೆದ ಮಾಡ್ಯೂಲ್ ವಿವರಿಸಿ' ಅಂದರೆ ಏನು ಹೇಳಬೇಕು? ಎಲ್ಲರಿಗೂ ಅವಕಾಶ ಇದೆಯೋ ಇಲ್ಲವೋ ಅನ್ನುವುದು ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ಲ್ಯಾಬಿನಲ್ಲಿ ಕೀಬೋರ್ಡ್ ಯಾರ ಮುಂದಿದೆ ಅಂತ ನೋಡಬೇಕು.

ಹಾಗಾದರೆ ಟೀಮ್ ಹೇಗೆ ಮಾಡಬೇಕು? ಅವರವರೇ ಆರಿಸಿಕೊಳ್ಳಲಿ ಬಿಡಿ ಅಂದರೆ ತಪ್ಪೇ?

ಅವರಿಗೇ ಬಿಟ್ಟರೆ ಹಾಸ್ಟೆಲ್ ರೂಮ್‌ಮೇಟ್ಸ್ ಒಂದು ಟೀಮ್, ಬೆಂಗಳೂರಿನ ಸಿಬಿಎಸ್‌ಇ ಸ್ಕೂಲಿನವರು ಒಂದು ಟೀಮ್, ಯಾರೂ ಕರೆಯದೆ ಉಳಿದವರೆಲ್ಲ ಸೇರಿ ಕೊನೆಯ ಟೀಮ್. ಆ ಕೊನೆಯ ಟೀಮ್‌ನಲ್ಲಿ ಯಾರಿರುತ್ತಾರೆ ಅಂತ ಒಮ್ಮೆ ಪಟ್ಟಿ ತೆಗೆದು ನೋಡಿ, ಬೇರೆ ವಿವರಣೆ ಬೇಡ. ಯುಎಸ್‌ಎನ್ (ಯೂನಿವರ್ಸಿಟಿ ಕೊಡುವ ನೋಂದಣಿ ಸಂಖ್ಯೆ) ಪ್ರಕಾರ ಮಾಡಿದರೆ ಜಗಳ ಇರುವುದಿಲ್ಲ, ಆದರೆ ಅದು ಬರೀ ಆಕಸ್ಮಿಕ.

ನನಗೆ ಸರಿ ಅನ್ನಿಸುವುದು ಇದು. ಸೆಮ್ ಶುರುವಿನಲ್ಲಿ ಒಂದು ಚಿಕ್ಕ ಫಾರ್ಮ್ ಕೊಡಿ. ಯಾವ ಭಾಷೆಯಲ್ಲಿ ಕೋಡ್ ಬರೆದಿದ್ದೀರಿ, ಸಂಜೆ ಎಷ್ಟು ಗಂಟೆ ತನಕ ಕಾಲೇಜಿನಲ್ಲಿ ಇರಬಹುದು, ಸ್ವಂತ ಲ್ಯಾಪ್‌ಟಾಪ್ ಇದೆಯಾ, ಯಾವ ಕೆಲಸ ಇದುವರೆಗೆ ಮಾಡಿಲ್ಲ ಆದರೆ ಕಲಿಯಬೇಕು, ಯಾರ ಜೊತೆ ಕೆಲಸ ಮಾಡಲು ಆಗುವುದಿಲ್ಲ. ಕೊನೆಯ ಪ್ರಶ್ನೆಗೆ ಕಾರಣ ಕೇಳಬೇಡಿ. ಜಾತಿ, ಧರ್ಮ, ಮನೆಯ ಆದಾಯ ಅಂತೂ ಕೇಳಲೇಬೇಡಿ. ಇಷ್ಟನ್ನು ನೋಡಿ ನೀವೇ ಟೀಮ್ ಮಾಡಿ, ಕಾಲೇಜು ಬಸ್ಸಿನಲ್ಲಿ ಹೋಗುವವರನ್ನು ಆದಷ್ಟೂ ಒಟ್ಟಿಗೆ ಹಾಕಿ.

ಒಂದು ಎಚ್ಚರಿಕೆ. 'ಪ್ರತಿ ಟೀಮ್‌ಗೂ ಒಬ್ಬಳು ಹುಡುಗಿ' ಅನ್ನುವ ಸೂತ್ರ ಚೆನ್ನಾಗಿ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಿ ಆರು ಜನರ ಟೀಮ್‌ನಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು ಅನ್ನುವ ನಿಯಮ ಇದೆ. ಒಳ್ಳೆಯ ಉದ್ದೇಶದ್ದೇ. ಆದರೆ ಕಾಲೇಜುಗಳಲ್ಲಿ ಏನಾಗುತ್ತದೆ ಅಂದರೆ ಐದು ಹುಡುಗರು ಐಡಿಯಾ ಮಾಡಿ, ಕೆಲಸ ಹಂಚಿಕೊಂಡು, ಅರ್ಜಿ ಹಾಕುವ ಹಿಂದಿನ ದಿನ 'ಒಬ್ಬಳು ಬೇಕು' ಅಂತ ಹುಡುಕಲು ಹೊರಡುತ್ತಾರೆ. ಆಕೆಗೆ ಉಳಿಯುವುದು ಪಿಪಿಟಿ. ಒಂಟಿಯಾಗಿ ಹಾಕುವ ಬದಲು ಕೆಲವು ಟೀಮ್‌ಗಳಲ್ಲಿ ಇಬ್ಬರು ಮೂವರನ್ನು ಹಾಕಿ, ಕೆಲವು ಟೀಮ್ ಪೂರ್ತಿ ಹುಡುಗರದ್ದೇ ಆದರೂ ಪರವಾಗಿಲ್ಲ. ಕನ್ನಡ ಮಾಧ್ಯಮದವರ ವಿಷಯದಲ್ಲೂ ಇದೇ ಮಾತು.

ಗಿಟ್ ಲಾಗ್ ನೋಡಿ ಮಾರ್ಕ್ಸ್ ಕೊಟ್ಟರೆ ಎಲ್ಲ ಸರಿಹೋಗುತ್ತದಲ್ವಾ? ಯಾರು ಎಷ್ಟು ಮಾಡಿದ್ದಾರೆ ಅಂತ ಕಾಣುತ್ತದೆ.

ಅರ್ಧ ಸರಿ. ಗಿಟ್ ಲಾಗ್, ಅಂದರೆ ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಅನ್ನುವ ದಾಖಲೆ, ನೋಡಲೇಬೇಕು, ನೋಡದ ಗೈಡ್‌ಗಳೇ ಜಾಸ್ತಿ. ಆದರೆ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಒಂದೊಂದು ಬದಲಾವಣೆ) ಎಣಿಸಲು ಹೊರಟರೆ ಎರಡು ತೊಂದರೆ. ಒಂದು, ಲ್ಯಾಪ್‌ಟಾಪ್ ಇಲ್ಲದವನು ಗೆಳೆಯನ ಮೆಷಿನ್‌ನಲ್ಲಿ ಕೋಡ್ ಬರೆದಿದ್ದರೆ ಲಾಗ್‌ನಲ್ಲಿ ಬರುವುದು ಗೆಳೆಯನ ಹೆಸರು. ಎರಡು, ನೀವು ಎಣಿಸುತ್ತೀರಿ ಅಂತ ಗೊತ್ತಾದ ಮರುದಿನವೇ ಸ್ಪೇಸ್ ಹಾಕಿ ತೆಗೆದು ಕಮಿಟ್ ಮಾಡುವ ಪ್ರತಿಭೆಗಳು ಹುಟ್ಟಿಕೊಳ್ಳುತ್ತವೆ.

ಇದಕ್ಕಿಂತ ಕೆಲಸವನ್ನೇ ತಿರುಗಿಸಿ. ಎರಡು ವಾರಕ್ಕೊಂದು ಸ್ಪ್ರಿಂಟ್ (ಕೆಲಸದ ಒಂದು ಸುತ್ತು) ಇಟ್ಟುಕೊಂಡರೆ ಪ್ರತಿ ಸ್ಪ್ರಿಂಟ್‌ಗೂ ಟೆಸ್ಟಿಂಗ್, ಬ್ಯಾಕೆಂಡ್, ಡಾಕ್ಯುಮೆಂಟೇಶನ್, ಡೆಮೊ ಕೈ ಬದಲಾಗಲಿ. ಎಲ್ಲರೂ ಎಲ್ಲವನ್ನೂ ಒಮ್ಮೆ ಮುಟ್ಟಿರಬೇಕು ಅಂತ ಸಿಐಇ (ಕಾಲೇಜಿನಲ್ಲೇ ಕೊಡುವ ಆಂತರಿಕ) ಮಾರ್ಕ್ಸ್‌ನ ಒಂದು ಭಾಗವನ್ನು ಅದಕ್ಕೇ ಕಟ್ಟಿಡಿ. 2022ರ ಸ್ಕೀಮ್‌ನಲ್ಲಿ ಥಿಯರಿಗೆ ಸಿಐಇ 50, ಎಸ್‌ಇಇ (ಸೆಮ್ ಕೊನೆಯ ಪರೀಕ್ಷೆ) 50. ಆ ಮೊದಲ 50ರಲ್ಲಿ ಅಸೈನ್‌ಮೆಂಟ್ ಹೇಗಿರಬೇಕು ಅನ್ನುವುದು ಬಹಳ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ, ಯೂನಿವರ್ಸಿಟಿ ಮೇಲೆ ಹಾಕಿ ಕೂರುವ ಹಾಗಿಲ್ಲ.

ಲ್ಯಾಬಿನಲ್ಲಿ ಪೇರ್ ಪ್ರೋಗ್ರಾಮಿಂಗ್ ಮಾಡಿಸಿ. ಒಬ್ಬರು ಟೈಪ್ ಮಾಡುವುದು, ಪಕ್ಕದವರು ನೋಡುತ್ತಾ ಯೋಚಿಸುವುದು, 15 ನಿಮಿಷಕ್ಕೊಮ್ಮೆ ಅದಲುಬದಲು. ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲೇ ಇದನ್ನು ಅಳೆದು ನೋಡಿದ್ದಾರೆ. ಜೋಡಿಯಾಗಿ ಕಲಿತವರು ಕೋರ್ಸ್ ಮಧ್ಯದಲ್ಲಿ ಬಿಡುವುದು ಕಡಿಮೆ, ಅವರ ಆತ್ಮವಿಶ್ವಾಸವೂ ಹೆಚ್ಚು. ಆದರೆ ಗಡಿಯಾರ ನೋಡಿ 'ಬದಲಾಯಿಸಿ' ಅಂತ ಕೂಗುವವರು ಬೇಕೇ ಬೇಕು. ಅವರಿಗೇ ಬಿಟ್ಟರೆ ಕೀಬೋರ್ಡ್ ಕೈ ಬದಲಾಗುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದವರು ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲ. ಏನು ಮಾಡುವುದು?

ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5%, ಗ್ರಾಮೀಣ ಅಭ್ಯರ್ಥಿಗಳಿಗೆ 15% ಮೀಸಲು ಇದೆ. ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದವರ ಪಾಲು ಬೇರೆ. ಅಂದರೆ ಸರ್ಕಾರ ಇವರನ್ನು ಬಾಗಿಲ ತನಕ ತಂದು ಬಿಟ್ಟಿದೆ. ಒಳಗೆ ಕಾಲಿಟ್ಟ ಮೇಲೆ ನಮ್ಮ ಜವಾಬ್ದಾರಿ.

ಪಿಯುಸಿಯಲ್ಲಿ ಸೈನ್ಸ್ ಇಂಗ್ಲಿಷ್‌ನಲ್ಲೇ ಓದಿರುತ್ತಾರೆ, ಹಾಗಾಗಿ ಪಾರಿಭಾಷಿಕ ಪದಗಳು ಇವರಿಗೆ ಅಂಥ ಕಷ್ಟವಲ್ಲ. ಕ್ಲಾಸ್, ಆಬ್ಜೆಕ್ಟ್, ಟೆಸ್ಟ್ ಕೇಸ್ ಎಲ್ಲರಿಗೂ ಹೊಸದೇ. ಕಷ್ಟ ಇರುವುದು ನಡುವಿನ ಮಾತಿನಲ್ಲಿ. 'ನೀವು ಹೇಳಿದ್ದು ಸರಿ, ಆದರೆ ನೆಟ್‌ವರ್ಕ್ ಹೋದರೆ ಏನಾಗುತ್ತದೆ?' ಅಂತ ಟೀಮ್ ಚರ್ಚೆಯಲ್ಲಿ ಅಡ್ಡ ಮಾತು ಹಾಕಲು ಇಂಗ್ಲಿಷ್ ನಾಲಿಗೆಯ ತುದಿಯಲ್ಲಿರಬೇಕು. ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಚರ್ಚೆ ಮುಂದೆ ಹೋಗಿರುತ್ತದೆ. ಆಮೇಲೆ ಗೈಡ್ 'ಇವನಿಗೆ ಇಂಟರೆಸ್ಟ್ ಇಲ್ಲ' ಅಂತ ಬರೆದುಕೊಳ್ಳುತ್ತಾರೆ.

ಕೆಲವು ಕೆಲಸ ನಾಳೆಯಿಂದಲೇ ಮಾಡಬಹುದು. ಟೀಮ್ ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಬರೆಯುವುದು ಮಾತ್ರ ಇಂಗ್ಲಿಷ್‌ನಲ್ಲಿರಲಿ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ 'ಸರ್ ಏನಂದುಕೊಳ್ತಾರೋ' ಅಂತ ಯಾರೂ ಕನ್ನಡ ಮಾತಾಡುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ಎರಡು ನಿಮಿಷ ಬರೆದುಕೊಳ್ಳಲು ಬಿಟ್ಟು ಆಮೇಲೆ ಉತ್ತರ ಕೇಳಿ. ವೈವಾದಲ್ಲಿ ಮೊದಲ ಪ್ರಶ್ನೆ 'ನಿಮ್ಮ ಕೋಡ್ ತೆಗೆದು ತೋರಿಸಿ' ಅಂತಿರಲಿ. ಸ್ಕ್ರೀನ್ ಮೇಲೆ ಬೆರಳಿಟ್ಟು ಮಾತಾಡುವಾಗ ಭಾಷೆ ತಾನಾಗಿ ಸಡಿಲವಾಗುತ್ತದೆ. ಮಾರ್ಕ್ಸ್ ಶೀಟಿನಲ್ಲಿ 'ಕಮ್ಯುನಿಕೇಶನ್' ಅಂತ ಒಂದು ಕಾಲಂ ಇರುತ್ತಲ್ಲ, ಅದರಲ್ಲಿ ನೀವು ಅಳೆಯುತ್ತಿರುವುದು ವಿಷಯ ತಿಳಿಸುವ ಶಕ್ತಿಯನ್ನೋ ಅಥವಾ ಕಾನ್ವೆಂಟ್ ಉಚ್ಚಾರಣೆಯನ್ನೋ, ಸ್ವಲ್ಪ ಯೋಚಿಸಿ.

ಇಂಗ್ಲಿಷ್ ಕಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಕಂಪನಿಯವರು ಇಂಗ್ಲಿಷ್‌ನಲ್ಲೇ ಇಂಟರ್‌ವ್ಯೂ ಮಾಡುತ್ತಾರೆ, ಆ ಅಭ್ಯಾಸ ಆಗಲೇಬೇಕು. ಆದರೆ ಡಿಸೈನ್ ಪ್ಯಾಟರ್ನ್ ಕಲಿಯುವುದು, ಇಂಗ್ಲಿಷ್ ಮಾತಾಡಲು ಕಲಿಯುವುದು ಎರಡನ್ನೂ ಒಂದೇ ಗಂಟೆಯಲ್ಲಿ, ಎಲ್ಲರ ಎದುರಿಗೆ ನಿಲ್ಲಿಸಿ ಮಾಡಿಸಿದರೆ ಎರಡೂ ಆಗುವುದಿಲ್ಲ.

ಹಾಗಾದರೆ ಬಿಇಯನ್ನೇ ಕನ್ನಡದಲ್ಲಿ ಕಲಿಸಬಹುದಲ್ಲ?

2021ರಲ್ಲಿ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ, ಕನ್ನಡವೂ ಸೇರಿ ಎಂಟು ಭಾರತೀಯ ಭಾಷೆಗಳಲ್ಲಿ ಬಿಟೆಕ್ ಕಲಿಸಲು ಅನುಮತಿ ಕೊಟ್ಟಿತು. ನಮ್ಮ ರಾಜ್ಯದಲ್ಲೂ ಕೆಲವು ಕಾಲೇಜುಗಳು ಸೀಟು ತೋರಿಸಿದವು, ಸೇರಲು ಹೆಚ್ಚು ಜನ ಬರಲಿಲ್ಲ. ಅಪ್ಪ ಅಮ್ಮನನ್ನು ದೂರಿ ಪ್ರಯೋಜನವಿಲ್ಲ, ಕೆಲಸ ಸಿಗುತ್ತದೋ ಇಲ್ಲವೋ ಅನ್ನುವ ಭಯ ನ್ಯಾಯವಾದದ್ದೇ. ಕನ್ನಡಕ್ಕೆಂದು ಬೇರೆ ಸೆಕ್ಷನ್ ಮಾಡುವುದಕ್ಕಿಂತ ಈಗಿರುವ ಸೆಕ್ಷನ್ನಿನಲ್ಲೇ ಕನ್ನಡಕ್ಕೆ ಜಾಗ ಮಾಡಿಕೊಡುವುದು ಮೇಲು ಅಂತ ನನ್ನ ಅನಿಸಿಕೆ.

ಹೊರ ರಾಜ್ಯದವರು, ಈಶಾನ್ಯ ರಾಜ್ಯಗಳವರು? ಕನ್ನಡ ಜಾಸ್ತಿ ಆದರೆ ಅವರು ಹೊರಗೆ ಉಳಿಯುವುದಿಲ್ವಾ?

ಉಳಿಯುತ್ತಾರೆ, ಅದನ್ನೂ ನೋಡಬೇಕು. ಇಡೀ ಕ್ಲಾಸಿಗೆ ಪಾಠ ಇಂಗ್ಲಿಷ್‌ನಲ್ಲೇ ಇರಲಿ, ಕನ್ನಡದಲ್ಲಿ ಒಂದು ಮಾತು ವಿವರಿಸಿದರೆ ಅದನ್ನೇ ಮತ್ತೆ ಇಂಗ್ಲಿಷ್‌ನಲ್ಲೂ ಹೇಳಿ. ಜೋಕ್ ಕೂಡ! ಎಲ್ಲರೂ ನಗುವಾಗ ನಾಲ್ಕು ಜನ ಮುಖ ಮುಖ ನೋಡಿಕೊಳ್ಳುವುದು ಚೆನ್ನಾಗಿರುವುದಿಲ್ಲ. ವಿಟಿಯುನಲ್ಲಿ ಅವರಿಗೆ 'ಬಳಕೆ ಕನ್ನಡ' ಕೋರ್ಸ್ ಇದೆ. ನಿಮ್ಮ ಪ್ರಾಜೆಕ್ಟ್‌ನಲ್ಲಿ ಕಾಲೇಜು ಕ್ಯಾಂಟೀನಿನವರನ್ನು, ಬಸ್ ಡ್ರೈವರನ್ನು ಮಾತಾಡಿಸಿ ರಿಕ್ವೈರ್‌ಮೆಂಟ್ ತರುವ ಕೆಲಸ ಇಟ್ಟರೆ ಆ ಕನ್ನಡಕ್ಕೂ ಒಂದು ಉಪಯೋಗ ಸಿಗುತ್ತದೆ. ಜೊತೆಗೆ ಕನ್ನಡ ಮಾಧ್ಯಮದ ಹುಡುಗ ಅವತ್ತು ಟೀಮ್‌ನ ಮುಖ್ಯ ವ್ಯಕ್ತಿಯಾಗುತ್ತಾನೆ.

ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿ ಬಂದವರ ಬಗ್ಗೆ ಯಾರೂ ಮಾತಾಡುವುದೇ ಇಲ್ಲ, ಯಾಕೆ?

ಹೌದು, ಮಾತಾಡಬೇಕು. ಅವರು ಮೂರನೇ ಸೆಮ್‌ಗೆ ಸೇರುವಷ್ಟರಲ್ಲಿ ಗೆಳೆತನಗಳೆಲ್ಲ ಕುದುರಿ ಆಗಿರುತ್ತವೆ. ಯುಎಸ್‌ಎನ್ ಕೊನೆಗೆ 400ರಿಂದ ಶುರುವಾಗುವ ಸಂಖ್ಯೆ ಇರುವುದರಿಂದ ಹಾಜರಿ ಕರೆಯುವಾಗಲೇ ಎಲ್ಲರಿಗೂ ಗೊತ್ತಾಗುತ್ತದೆ. ಲ್ಯಾಬ್ ಬ್ಯಾಚ್ ಯುಎಸ್‌ಎನ್ ಪ್ರಕಾರ ಮಾಡಿದರೆ ಇವರೆಲ್ಲ ಕೊನೆಯ ಬ್ಯಾಚ್‌ನಲ್ಲಿ ಒಂದೇ ಗುಂಪು. ಗಣಿತದಲ್ಲಿ ಇವರಿಗೆ ಕಷ್ಟ ಆಗುವುದುಂಟು, ಆದರೆ ಮೂರು ವರ್ಷ ಲ್ಯಾಬಿನಲ್ಲಿ ಕೈ ಆಡಿಸಿ ಬಂದವರು. ಕೇಬಲ್, ಸರ್ವರ್, ಇನ್‌ಸ್ಟಾಲೇಶನ್ ಅಂದರೆ ಇವರಿಗೆ ಭಯ ಇಲ್ಲ. ಬ್ಯಾಚ್ ಪಟ್ಟಿ ಕಲೆಸಿ. ಅಷ್ಟೇ ಸಾಕು, ಅರ್ಧ ಕೆಲಸ ಆಯಿತು.

ಜಾತಿ ವಿಷಯ ಕ್ಲಾಸಿನಲ್ಲಿ ತರಬೇಕಾ? ಸುಮ್ಮನಿದ್ದರೆ ಒಳ್ಳೆಯದಲ್ವಾ?

ನೀವು ತರದಿದ್ದರೂ ಅದು ಮೊದಲೇ ಬಂದು ಕೂತಿರುತ್ತದೆ. 'ನಿನ್ನ ಸಿಇಟಿ ರ‍್ಯಾಂಕ್ ಎಷ್ಟು?' ಅನ್ನುವುದು ಮೊದಲ ವಾರ ಎಲ್ಲರೂ ಕೇಳುವ ಮಾತು, ಕೇಳುವವರಿಗೂ ಹೇಳುವವರಿಗೂ ಅದರ ಅರ್ಥ ಗೊತ್ತು. ಮೀಸಲಾತಿಯಲ್ಲಿ ಬಂದವರಿಗೆ ಕೋಡಿಂಗ್ ಬರುವುದಿಲ್ಲ ಅನ್ನುವ ಪಿಸುಮಾತು ಟೀಮ್ ಆರಿಸುವಾಗ ಕೆಲಸ ಮಾಡುತ್ತದೆ. ಮೇಷ್ಟ್ರು ಮಾಡಬೇಕಾದ ಮೊದಲ ಕೆಲಸ ತಾವೇ ರ‍್ಯಾಂಕ್ ಕೇಳದಿರುವುದು, ಸ್ಕಾಲರ್‌ಶಿಪ್ ಪಟ್ಟಿಯನ್ನು ಕ್ಲಾಸಿನಲ್ಲಿ ಎಲ್ಲರ ಎದುರು ಓದದಿರುವುದು. ಆಫೀಸಿನವರು ಚೀಟಿ ಕಳಿಸಿದರೆ ಒಬ್ಬೊಬ್ಬರಿಗೇ ಮೆಸೇಜ್ ಹಾಕಿ.

ಇದು ಕಾಲೇಜಿಗೆ ಮುಗಿಯುವುದೂ ಇಲ್ಲ. ನಮ್ಮ ಎಂಜಿನಿಯರ್‌ಗಳ ಜೊತೆಗೆ ಜಾತಿಯೂ ವಿಮಾನ ಹತ್ತಿದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರ ಜನವರಿಯಲ್ಲಿ ತನ್ನ ತಾರತಮ್ಯ ವಿರೋಧಿ ನೀತಿಗೆ ಜಾತಿಯನ್ನು ಸೇರಿಸಿತು. 2023ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯದ ಮಸೂದೆಗೆ ಮಾತ್ರ ಗವರ್ನರ್ ಸಹಿ ಹಾಕಲಿಲ್ಲ, ಈಗಿರುವ ಕಾನೂನೇ ಸಾಕು ಅಂದರು. ಪ್ರೊಫೆಷನಲ್ ಎಥಿಕ್ಸ್ ಪಾಠ ಮಾಡುವಾಗ ಇವನ್ನು ಮಾತಾಡಬಹುದು. ಕಂಪ್ಯೂಟರ್ ವೃತ್ತಿಪರರ ಸಂಘ ಎಸಿಎಂನ 2018ರ ನೀತಿ ಸಂಹಿತೆಯ 1.4ನೇ ಅಂಶ ತಾರತಮ್ಯ ಮಾಡಬಾರದು ಅಂತಲೇ ಇದೆ, ಸಿಲಬಸ್ ಹೊರಗಿನದು ಅಂತ ಯಾರೂ ಆಕ್ಷೇಪ ಮಾಡಲಾರರು.

ಯಾರಾದರೂ ನಿಮ್ಮ ಬಳಿ ದೂರು ತಂದರೆ 'ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನಬೇಡಿ. ಯುಜಿಸಿಯ 2012ರ ನಿಯಮಗಳು ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು ಅಂತ ಹೇಳಿವೆ. ನಿಮ್ಮ ಕಾಲೇಜಿನಲ್ಲಿ ಅದು ಯಾರು ಅಂತ ಮೊದಲೇ ತಿಳಿದುಕೊಂಡಿರಿ.

ರಾತ್ರಿ ಕೂತು ಕೆಲಸ ಮಾಡದಿದ್ದರೆ ಪ್ರಾಜೆಕ್ಟ್ ಆಗುವುದಾದರೂ ಹೇಗೆ? ಹುಡುಗಿಯರ ಹಾಸ್ಟೆಲ್ ಗೇಟ್ ಬೇಗ ಹಾಕುತ್ತಾರೆ, ನಾವೇನು ಮಾಡಲು ಸಾಧ್ಯ?

ಗೇಟ್ ನಿಮ್ಮ ಕೈಯಲ್ಲಿಲ್ಲ, ಟೈಮ್ ಟೇಬಲ್ ಇದೆಯಲ್ಲ. ಹುಡುಗರ ಹಾಸ್ಟೆಲ್‌ಗೆ ಒಂದು ಸಮಯ, ಹುಡುಗಿಯರ ಹಾಸ್ಟೆಲ್‌ಗೆ ಇನ್ನೊಂದು ಇರುವ ಕಡೆ, ಲ್ಯಾಬನ್ನು ರಾತ್ರಿ ಹತ್ತರ ತನಕ ತೆರೆದಿಡುವುದು ಅರ್ಧ ಕ್ಲಾಸಿಗೆ ಮಾತ್ರ ಕೊಟ್ಟ ಸೌಲಭ್ಯ. ಅದೇ ಎರಡು ಗಂಟೆಯನ್ನು ಮಧ್ಯಾಹ್ನಕ್ಕೋ ಶನಿವಾರ ಬೆಳಿಗ್ಗೆಗೋ ತನ್ನಿ. 24 ಗಂಟೆಯ ಹ್ಯಾಕಥಾನ್ ಬದಲು ಎರಡು ಹಗಲಿನದು ಮಾಡಿ. ಮನೆಯಿಂದ ಓಡಾಡುವವರು, ಸಂಜೆ ಪಾರ್ಟ್ ಟೈಮ್ ಕೆಲಸಕ್ಕೆ ಹೋಗುವವರು, ರಂಜಾನ್ ಉಪವಾಸದವರು, ಎಲ್ಲರಿಗೂ ಅನುಕೂಲ.

ನಿದ್ದೆಗೆಟ್ಟು ಕೋಡ್ ಬರೆಯುವುದೇ ನಿಜವಾದ ಎಂಜಿನಿಯರ್ ಲಕ್ಷಣ ಅನ್ನುವುದು ಹಳೇ ಭ್ರಮೆ. ಬ್ರಿಟನ್ನಿನಲ್ಲಿ ಸ್ಟೆಫನಿ ಶರ್ಲಿ 1962ರಲ್ಲಿ ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್ ಅಂತ ಕಂಪನಿ ಶುರು ಮಾಡಿ, ಮಕ್ಕಳಾದ ಮೇಲೆ ಕೆಲಸ ಬಿಟ್ಟಿದ್ದ ಹೆಂಗಸರಿಗೆ ಮನೆಯಿಂದಲೇ, ಅವರಿಗೆ ಆಗುವ ಸಮಯದಲ್ಲಿ ಪ್ರೋಗ್ರಾಂ ಬರೆಯುವ ಕೆಲಸ ಕೊಟ್ಟರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ನ ಪ್ರೋಗ್ರಾಮಿಂಗ್ ಮಾಡಿದ್ದು ಆ ಕಂಪನಿಯೇ. ತಮ್ಮ ಹೆಸರಿನ ಪತ್ರಗಳಿಗೆ ಉತ್ತರವೇ ಬರುವುದಿಲ್ಲ ಅಂತ ಆಕೆ 'ಸ್ಟೀವ್' ಅಂತ ಸಹಿ ಹಾಕಲು ಶುರು ಮಾಡಿದ್ದು ಬೇರೆ ಕಥೆ.

ಎಲ್ಲರ ಬಳಿಯೂ ಲ್ಯಾಪ್‌ಟಾಪ್ ಇದೆ ಅಂದುಕೊಳ್ಳಬಹುದಾ?

ಬೇಡ. ಇದ್ದರೂ ಅಣ್ಣನ ಹಳೇ ಮೆಷಿನ್, 4 ಜಿಬಿ ರ‍್ಯಾಮ್ ಇರಬಹುದು. ಆಂಡ್ರಾಯ್ಡ್ ಸ್ಟುಡಿಯೊ ತೆರೆದರೆ ಅದು ಅಲ್ಲೇ ಮಲಗುತ್ತದೆ. ಅಸೈನ್‌ಮೆಂಟ್ ಕೊಡುವ ಮೊದಲು ಲ್ಯಾಬಿನ ಅತಿ ನಿಧಾನದ ಮೆಷಿನ್‌ನಲ್ಲಿ ನೀವೇ ಒಮ್ಮೆ ಓಡಿಸಿ ನೋಡಿ. ದುಡ್ಡು ಕೊಟ್ಟು ತಗೊಳ್ಳುವ ಎಐ ಟೂಲ್ ಬಳಸಿದವರ ಕೋಡ್, ಬಳಸದವರ ಕೋಡ್ ಪಕ್ಕಪಕ್ಕ ಇಟ್ಟು ಒಂದೇ ಅಳತೆಯಲ್ಲಿ ಮಾರ್ಕ್ಸ್ ಕೊಡುವುದೂ ಈಗ ಇದೇ ಸಮಸ್ಯೆಯ ಹೊಸ ರೂಪ. ಕೋಡ್ ಎಷ್ಟಿದೆ ಅನ್ನುವುದಕ್ಕಿಂತ ಯಾಕೆ ಹೀಗೆ ಬರೆದಿರಿ ಅನ್ನುವುದಕ್ಕೆ ಜಾಸ್ತಿ ಮಾರ್ಕ್ಸ್ ಇಡಿ.

ಕಣ್ಣು ಕಾಣದ ವಿದ್ಯಾರ್ಥಿ ಸೇರಿದ್ದಾರೆ. ಸಾಫ್ಟ್‌ವೇರ್ ರಚನೆಯನ್ನು ಚಿತ್ರದಲ್ಲಿ ತೋರಿಸುವ ಯುಎಂಎಲ್ ಡಯಾಗ್ರಾಂ ಹೇಗೆ ಕಲಿಸುವುದು?

ಮೊದಲು ಅವರನ್ನೇ ಕೇಳಿ. ಯಾವ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಬಳಸುತ್ತಾರೆ, ಏನು ಬೇಕು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಉಚಿತ, ಕಾಲೇಜು ದುಡ್ಡು ಮಂಜೂರು ಮಾಡುವ ತನಕ ಕಾಯಬೇಕಾಗಿಲ್ಲ. ಇದನ್ನು 2006ರಲ್ಲಿ ಶುರು ಮಾಡಿದ ಆಸ್ಟ್ರೇಲಿಯಾದ ಮೈಕಲ್ ಕರನ್, ಅವರ ಜೊತೆ ಸೇರಿದ ಜೇಮ್ಸ್ ಟೆ, ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಕುರುಡರು ಪ್ರೋಗ್ರಾಂ ಬರೆಯಬಲ್ಲರಾ ಅಂತ ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಇದನ್ನು ಹೇಳಿ. ಅವರ ಕೈಯಲ್ಲಿ ಮೌಸ್ ಇರುವುದಿಲ್ಲ, ಕೀಬೋರ್ಡ್ ಒಂದೇ, ಅದರಲ್ಲೇ ನಮಗಿಂತ ವೇಗ.

ಡಯಾಗ್ರಾಂಗೆ ಪ್ಲಾಂಟ್‌ಯುಎಂಎಲ್ ಅಥವಾ ಮರ್ಮೇಡ್ ಅನ್ನುವ ಟೂಲ್ ಬಳಸಿ. ಕ್ಲಾಸ್ ಡಯಾಗ್ರಾಂ ಅನ್ನು ಪಠ್ಯವಾಗಿ ಬರೆಯುವುದು, ಚಿತ್ರ ತಾನೇ ಬರುತ್ತದೆ. ಪಠ್ಯವನ್ನು ಸ್ಕ್ರೀನ್ ರೀಡರ್ ಓದುತ್ತದೆ, ಗಿಟ್‌ನಲ್ಲೂ ಇಡಬಹುದು. ಇಡೀ ಕ್ಲಾಸಿಗೇ ಇದನ್ನು ಕಲಿಸಿ, ಒಬ್ಬರಿಗೆ ಮಾತ್ರ ಬೇರೆ ದಾರಿ ಅಂತಾಗುವುದಿಲ್ಲ. ಬೋರ್ಡ್ ಮೇಲೆ ಬರೆಯುವಾಗ 'ಇಲ್ಲಿಂದ ಇಲ್ಲಿಗೆ ಬಾಣ' ಅನ್ನಬೇಡಿ, 'ಆರ್ಡರ್‌ನಿಂದ ಕಸ್ಟಮರ್‌ಗೆ ಬಾಣ' ಅನ್ನಿ. ಹಿಂದಿನ ಬೆಂಚಿನವರಿಗೂ ಉಪಕಾರ.

ನೋಟ್ಸ್ ಬಗ್ಗೆ ಒಂದು ಮುಖ್ಯ ಮಾತು. ಪುಸ್ತಕದ ಫೋಟೊ ತೆಗೆದು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಸ್ಕ್ರೀನ್ ರೀಡರ್‌ಗೆ ಅದು ಬರೀ ಖಾಲಿ ಹಾಳೆ. ಕನ್ನಡದ ನೋಟ್ಸ್ ಅಥವಾ ಸುತ್ತೋಲೆಯನ್ನು ಹಳೇ ನುಡಿ, ಬರಹದ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದರೂ ಅಷ್ಟೇ. ಕಣ್ಣಿಗೆ ಕನ್ನಡ, ಒಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಕ.ಪ. ರಾವ್ ವಿನ್ಯಾಸದ ಅದೇ ಕೀಲಿಮಣೆಯಲ್ಲೇ ಯೂನಿಕೋಡ್ ಕೂಡ ಬರುತ್ತದೆ, ಹೊಸದಾಗಿ ಬೆರಳು ಪಳಗಿಸಬೇಕಾಗಿಲ್ಲ.

ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು ಬೇರೆಯವರಿಗೆ ಅನ್ಯಾಯವಲ್ಲವೇ?

ಅಲ್ಲ, ಕಾನೂನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಅಕ್ಷರ ಓದಲು ಕಷ್ಟವಾಗುವ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಯೂ ಅದರಲ್ಲಿದೆ. ಸ್ಕ್ರೈಬ್ (ಹೇಳಿದ ಉತ್ತರ ಬರೆದುಕೊಡುವವರು) ಬಳಸುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಯೂನಿವರ್ಸಿಟಿ ಪರೀಕ್ಷೆಗೆ ಕೊಟ್ಟು, ಇಂಟರ್ನಲ್ಸ್‌ಗೆ, ಲ್ಯಾಬ್ ಟೆಸ್ಟ್‌ಗೆ ಮರೆಯುವ ಕಾಲೇಜುಗಳಿವೆ. 40% ವೈಕಲ್ಯದ ಪ್ರಮಾಣಪತ್ರ ಇದ್ದರೆ ಮಾತ್ರ ಅಂತಲೂ ಹಟ ಹಿಡಿಯಬೇಡಿ. ಬರೆಯುವಾಗ ಕೈ ಹಿಡಿದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಆ ಮಿತಿಯ ಕೆಳಗಿನವರಿಗೂ ಸ್ಕ್ರೈಬ್ ಕೊಡಬೇಕು ಅಂತ ಹೇಳಿದೆ.

ಗಿಟ್‌ನಲ್ಲಿ ಕೋಡ್‌ನ ಮುಖ್ಯ ಶಾಖೆಗೆ, ಗುಲಾಮಗಿರಿ ನೆನಪಿಸುವ 'ಮಾಸ್ಟರ್' ಬದಲು 'ಮೇನ್' ಅಂತ ಬರೆಸಬೇಕಾ?

ಗಿಟ್‌ಹಬ್ 2020ರ ಅಕ್ಟೋಬರ್‌ನಿಂದ ಹೊಸ ರೆಪೊಗಳಿಗೆ (ಕೋಡ್ ಸಂಗ್ರಹಗಳಿಗೆ) ಮೇನ್ ಅಂತಲೇ ಕೊಡುತ್ತದೆ, ಬಿಡಿ. ನಮ್ಮ ಕ್ಲಾಸಿನ ದೊಡ್ಡ ಸಮಸ್ಯೆ ಇದಲ್ಲ.

ಲಿಂಗದ ಕಾಲಂನಲ್ಲಿ ಎಷ್ಟು ಆಯ್ಕೆ ಇಡಬೇಕು?

ಆ ಕಾಲಂ ಯಾಕೆ ಬೇಕು ಅಂತ ಮೊದಲು ಕೇಳಿಸಿ. ಲೈಬ್ರರಿ ಆ್ಯಪ್‌ಗೆ ಪುಸ್ತಕ ತಗೊಳ್ಳುವವರ ಲಿಂಗ ಯಾಕೆ? ಬೇಕೇ ಆದರೆ ಎರಡೇ ಆಯ್ಕೆ ಇಡುವುದು ತಪ್ಪು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ತೃತೀಯ ಲಿಂಗವನ್ನು ಗುರುತಿಸಿತು. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಮೀಸಲು ಕೊಟ್ಟ ಮೊದಲ ರಾಜ್ಯ. ಹಾಗಿರುವಾಗ ಎರಡೇ ರೇಡಿಯೊ ಬಟನ್ ಇರುವ ಪ್ರಾಜೆಕ್ಟ್ ಸರ್ಕಾರಿ ಕೆಲಸಕ್ಕೂ ಲಾಯಕ್ಕಿಲ್ಲ. ಕ್ಲಾಸಿನಲ್ಲಿ ಅಂಥ ವಿದ್ಯಾರ್ಥಿ ಇದ್ದರೆ ಅವರು ಹೇಳಿದ ಹೆಸರಿನಿಂದ ಕರೆಯಿರಿ, ಅವರನ್ನೇ ಉದಾಹರಣೆ ಮಾಡಿ ಪಾಠ ಮಾಡಬೇಡಿ.

ಸಿಲಬಸ್ ಮುಗಿಸಲೇ ಟೈಮ್ ಇಲ್ಲ. ಇದನ್ನೆಲ್ಲ ಎಲ್ಲಿ ತೂರಿಸುವುದು?

ಬೇರೆ ಗಂಟೆ ಬೇಡ. ಇರುವ ಮಾಡ್ಯೂಲ್‌ಗಳಲ್ಲೇ ಉದಾಹರಣೆ ಬದಲಾಯಿಸಿ. ರಿಕ್ವೈರ್‌ಮೆಂಟ್ಸ್‌ಗೆ ಯಾವಾಗಲೂ ಎಟಿಎಂ, ಲೈಬ್ರರಿ ಅಂತ ಹೇಳುವ ಬದಲು ಗೃಹಲಕ್ಷ್ಮಿ ತಗೊಳ್ಳಿ. ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಅಂದರೆ ಯಾರು? ರೇಷನ್ ಕಾರ್ಡಿನಲ್ಲಿ ಇರುವವರು. ಅತ್ತೆ ಸೊಸೆ ಒಂದೇ ಕಾರ್ಡಿನಲ್ಲಿದ್ದರೆ? ಆಧಾರ್‌ನಲ್ಲಿ ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷ್ಮಿದೇವಮ್ಮ ಅಂತಿದ್ದರೆ? ಓಟಿಪಿ ಮಗನ ಫೋನಿಗೆ ಬಂದರೆ? ಒಂದು ಗಂಟೆ ಬಿಡಿ, ಊರಿನಿಂದ ಬಂದ ಮಕ್ಕಳು ಯೂಸ್ ಕೇಸ್‌ಗಳ ಮಳೆ ಸುರಿಸುತ್ತಾರೆ, ಯಾಕೆಂದರೆ ಅವ್ವನ ಜೊತೆ ಕ್ಯೂನಲ್ಲಿ ನಿಂತವರು ಅವರೇ. ಅವತ್ತು ಕ್ಲಾಸಿನ ಜಾಣರು ಬೇರೆಯಾಗುತ್ತಾರೆ. ಇನ್ನೊಂದು ಒಳ್ಳೆಯ ವಿಷಯ ಭೂಮಿ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ದಾಖಲೆ ಕಂಪ್ಯೂಟರಿಗೆ ಬಂತು, ಅದರಿಂದ ಯಾರಿಗೆ ಅನುಕೂಲವಾಯಿತು, ಯಾರಿಗೆ ಆಗಲಿಲ್ಲ ಅಂತ ಚರ್ಚೆ ಮಾಡಿಸಬಹುದು.

ಯುಐ (ಬಳಸುವವರಿಗೆ ಕಾಣುವ ಪರದೆ) ಡಿಸೈನ್‌ಗೆ ಜೆಂಡರ್‌ಮ್ಯಾಗ್ ಅನ್ನುವ ವಿಧಾನ ಇದೆ, ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಬರ್ನೆಟ್ ಮತ್ತು ಸಂಗಡಿಗರದ್ದು. ಹೊಸ ಆ್ಯಪ್ ಸಿಕ್ಕ ಕೂಡಲೇ ಎಲ್ಲ ಬಟನ್ ಒತ್ತಿ ನೋಡುವವರು ಒಂದು ಕಡೆ, ಒಂದೊಂದೇ ಹೆಜ್ಜೆ ಓದಿ ಮುಂದೆ ಹೋಗುವವರು ಇನ್ನೊಂದು ಕಡೆ. ಡಿಸೈನ್ ಮಾಡುವವರು ಸಾಮಾನ್ಯವಾಗಿ ಮೊದಲ ಗುಂಪಿನವರು, ಹಾಗಾಗಿ ಎರಡನೆಯವರು ಎಲ್ಲಿ ಸಿಕ್ಕಿಬೀಳುತ್ತಾರೆ ಅಂತ ಹೆಜ್ಜೆ ಹೆಜ್ಜೆಯಾಗಿ ಹುಡುಕುವುದು. ಟೆಸ್ಟಿಂಗ್‌ಗೆ ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5:1 ಇದೆಯಾ, ಮೌಸ್ ಇಲ್ಲದೆ ಫಾರ್ಮ್ ತುಂಬಲು ಆಗುತ್ತದಾ, ಇವೆರಡು ಸಾಕು.

ಇಷ್ಟೆಲ್ಲ ಮಾಡಿದರೆ ಮಟ್ಟ ಇಳಿಯುವುದಿಲ್ವಾ?

ಇಳಿದಿದ್ದಕ್ಕೆ ಸಾಕ್ಷಿ ನಾನು ನೋಡಿಲ್ಲ, ಉಲ್ಟಾ ಆದದ್ದಕ್ಕೆ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಸೇರುವವರಲ್ಲಿ ಹುಡುಗಿಯರು 7% ಇದ್ದರು, 2000ಕ್ಕೆ 42% ಆದರು. ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರಬೇಕು ಅನ್ನುವ ಒತ್ತು ಕಡಿಮೆ ಮಾಡಿದರು, ಅನುಭವಕ್ಕೆ ತಕ್ಕ ಹಾಗೆ ಬೇರೆ ಬೇರೆ ಮೊದಲ ಕೋರ್ಸ್ ಇಟ್ಟರು. ಆ ವಿಭಾಗದ ಹೆಸರು ಕೆಟ್ಟಿತಾ? ಹಾರ್ವೀ ಮಡ್ ಕಾಲೇಜಿನಲ್ಲೂ ಅನುಭವ ಇರುವವರನ್ನೂ ಇಲ್ಲದವರನ್ನೂ ಮೊದಲ ಕೋರ್ಸ್‌ನಲ್ಲಿ ಬೇರೆ ಸೆಕ್ಷನ್ ಮಾಡಿದರು. ಕ್ಲಾಸಿನಲ್ಲಿ ತನಗೆ ಗೊತ್ತಿರುವುದನ್ನೆಲ್ಲ ಹೇಳಿ ಬೇರೆಯವರನ್ನು ಹೆದರಿಸುವ ಹುಡುಗನನ್ನು ಮೇಷ್ಟ್ರು ಪಕ್ಕಕ್ಕೆ ಕರೆದು, 'ನಿನ್ನ ಜೊತೆ ಮಾತಾಡುವುದು ಖುಷಿ, ಅದನ್ನು ನನ್ನ ರೂಮಿನಲ್ಲಿ ಮಾಡೋಣ' ಅನ್ನುವುದು ಅಲ್ಲಿಯ ಉಪಾಯ. ಇದಕ್ಕೆ ಪೈಸೆ ಖರ್ಚಿಲ್ಲ.

ನಾನು ವಿದ್ಯಾರ್ಥಿನಿ. ಪ್ರತಿ ಪ್ರಾಜೆಕ್ಟ್‌ನಲ್ಲೂ ನನಗೆ ಪಿಪಿಟಿ ಮತ್ತು ರಿಪೋರ್ಟೇ ಬರುತ್ತದೆ. ಜಗಳ ಆಡದೆ ಏನು ಮಾಡಬಹುದು?

ಮೊದಲ ಮೀಟಿಂಗ್‌ನಲ್ಲೇ, ಯಾರೂ ಹೊಗಳುವ ಮೊದಲೇ, 'ಲಾಗಿನ್ ಮತ್ತು ಡೇಟಾಬೇಸ್ ನಾನು ತಗೋತೀನಿ' ಅಂತ ಹೆಸರಿಟ್ಟು ಹೇಳಿ. 'ಯಾವುದಾದರೂ ಕೊಡಿ' ಅಂದರೆ ಪಿಪಿಟಿಯೇ ಬರುತ್ತದೆ. ಕೆಲಸ ಹಂಚಿಕೊಂಡದ್ದನ್ನು ಅವತ್ತೇ ಟೀಮ್ ಗುಂಪಿನಲ್ಲಿ ಬರೆದು ಹಾಕಿ, ಗೈಡ್‌ಗೂ ಒಂದು ಪ್ರತಿ ಹೋಗಲಿ. ನಿಮ್ಮ ಹೆಸರಿನ ಗಿಟ್ ಖಾತೆಯಿಂದಲೇ ಕಮಿಟ್ ಮಾಡಿ, ಬೇರೆಯವರ ಮೆಷಿನ್‌ನಲ್ಲಿ ಕೂತಾಗ ಕಮಿಟ್ ಸಂದೇಶದ ಕೊನೆಗೆ ಸಹ-ಲೇಖಕಿ ಅಂತ ನಿಮ್ಮ ಹೆಸರು ಸೇರಿಸಲು ಬರುತ್ತದೆ, ಹುಡುಕಿ ಕಲಿತುಕೊಳ್ಳಿ. ರಿಪೋರ್ಟ್ ಎಲ್ಲರೂ ತಮ್ಮ ತಮ್ಮ ಅಧ್ಯಾಯ ಬರೆಯಲಿ, 'ನಾನು ಜೋಡಿಸಿಕೊಡುತ್ತೇನೆ' ಅಂತಲೂ ಒಪ್ಪಿಕೊಳ್ಳಬೇಡಿ, ಜೋಡಿಸುವುದೇ ಮೂರು ರಾತ್ರಿಯ ಕೆಲಸ. ಡೆಮೊ ದಿನ ನಿಮ್ಮ ಭಾಗವನ್ನು ನೀವೇ ಓಡಿಸಿ ತೋರಿಸಿ.

ಇಷ್ಟಾದರೂ ಟೀಮ್ ಕೇಳದಿದ್ದರೆ ಮೊದಲ ರಿವ್ಯೂಗಿಂತ ಮುಂಚೆ ಗೈಡ್ ಬಳಿ ಹೋಗಿ. ಎರಡನೇ ರಿವ್ಯೂ ಮುಗಿದ ಮೇಲೆ ಹೋದರೆ ಅವರು 'ಈಗ ಹೇಳಿದರೆ ಹೇಗಮ್ಮ' ಅನ್ನುತ್ತಾರೆ, ಆಗ ಅವರ ಮಾತಲ್ಲೂ ಸ್ವಲ್ಪ ನ್ಯಾಯ ಇರುತ್ತದೆ.